ಕಾಲು ಪರ್ಸೆಂಟಿನ ಕುಟುಂಬ

2025ರ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ, ಅಂದರೆ ಅಂಗಡಿ ಬೆಲೆಗಳು ಒಂದು ವರ್ಷದಲ್ಲಿ ಏರಿದ ಪ್ರಮಾಣ, ಶೇ 0.25ಕ್ಕೆ ಇಳಿಯಿತು. 2012ನ್ನು ಆಧಾರ ವರ್ಷ (ಬೆಲೆ ಹೋಲಿಸಲು ಇಟ್ಟುಕೊಂಡ ವರ್ಷ) ಮಾಡಿಕೊಂಡ ಸರಣಿಯಲ್ಲಿ ಇಷ್ಟು ಕಡಿಮೆ ಹಿಂದೆಂದೂ ಆಗಿರಲಿಲ್ಲ. ವಾಟ್ಸಾಪಿನಲ್ಲಿ ‘ಬೆಲೆ ಇಳೀತು’ ಅಂತ ಹೂವಿನ ಚಿತ್ರ ಸಮೇತ ಓಡಾಡಿತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತೆಂಗಿನಕಾಯಿ ರಾಶಿ ಮುಂದೆ ನಿಂತವರಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ.

“ಬೆಲೆ ಏರಿದ್ದು ಬರೀ ಕಾಲು ಪರ್ಸೆಂಟಂತಲ್ಲಮ್ಮಾ?”

ಕಾಯಿ ಮಾರುವಾಕೆ ಒಂದನ್ನು ಕಿವಿ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಕೇಳಿ, ಕೈಗಿಟ್ಟರು. “ಆ ರೇಟಿನ ಕಾಯಿ ಎಲ್ಲಿ ಸಿಗ್ತದೆ ಹೇಳಿ ಅಣ್ಣಾ, ನಾನೂ ಅಲ್ಲೇ ತರ್ತೀನಿ.”

ಲೆಕ್ಕ ಸುಳ್ಳಲ್ಲ. ಆ ತಿಂಗಳು ತರಕಾರಿ ಹಿಂದಿನ ವರ್ಷಕ್ಕಿಂತ ಶೇ 27ರಷ್ಟು ಅಗ್ಗವಾಗಿತ್ತು. ಈರುಳ್ಳಿ, ಟೊಮೆಟೊ ಇಳಿದವು, ಎಲ್ಲ ಬೆಲೆ ಸೇರಿಸಿ ಅಳೆಯುವ ಸೂಚ್ಯಂಕವನ್ನೂ ಎಳೆದುಕೊಂಡು ಹೋದವು. ತೆಂಗು ಒಂದು ಕಡೆ ಏರುತ್ತಲೇ ಇತ್ತು. ಆದರೆ ಸೂಚ್ಯಂಕಕ್ಕೆ ಲೆಕ್ಕ ಹಿಡಿಯುವ ಸಾಮಾನುಗಳ ಪಟ್ಟಿಯಲ್ಲಿ, ಅಂದರೆ ದೇಶದ ಬುಟ್ಟಿಯಲ್ಲಿ, ಅದರ ತೂಕ ಅಷ್ಟಕ್ಕಷ್ಟೇ. ಬೆಳಗ್ಗೆ ಚಟ್ನಿ, ಮಧ್ಯಾಹ್ನ ತಂಬುಳಿ, ರಾತ್ರಿ ಹುಳಿ ಅಂತ ಮೂರು ಹೊತ್ತೂ ಕಾಯಿ ತುರಿಯುವ ಮಲೆನಾಡಿನವರನ್ನು ದಿಲ್ಲಿ ಯಾಕೆ ಕೇಳಬೇಕು? ಅದು ನೋಡುವುದು ‘ಸರಾಸರಿ ಕುಟುಂಬ’ವನ್ನು. ಆ ಕುಟುಂಬ ತೀರ್ಥಹಳ್ಳಿಯಲ್ಲೂ ಇಲ್ಲ, ಸಾಗರದಲ್ಲೂ ಇಲ್ಲ. ವೋಟರ್ ಲಿಸ್ಟಿನಲ್ಲೂ ಇರಲಿಕ್ಕಿಲ್ಲ.

ಇನ್ನೊಂದು ಚಮತ್ಕಾರ ಇದೆ. 2024ರ ಅಕ್ಟೋಬರಿನ ನೂರು ರೂಪಾಯಿ ಸಾಮಾನು 2025ರ ಅಕ್ಟೋಬರಿನಲ್ಲಿ ನೂರು ರೂಪಾಯಿ ಇಪ್ಪತ್ತೈದು ಪೈಸೆ. ಅಷ್ಟೇ. ಅದು ನೂರಕ್ಕೆ ಹೇಗೆ ಏರಿತ್ತು ಅಂತ ಕೇಳುವ ಹಾಗಿಲ್ಲ.

ಆಗ ಈ ಸರಾಸರಿ ಮನೆಯ ಖರ್ಚಿನ ಪಟ್ಟಿ 2011–12ರ ಸಮೀಕ್ಷೆಯದಾಗಿತ್ತು. ಕುದುರೆಗಾಡಿ ಬಾಡಿಗೆ, ಕ್ಯಾಸೆಟ್, ಡಿವಿಡಿ ಪ್ಲೇಯರ್ ಎಲ್ಲ ಅದರಲ್ಲಿ ಭದ್ರವಾಗಿದ್ದವು. ಆಗುಂಬೆ ಘಾಟಿಗೆ ಕುದುರೆಗಾಡಿ ಎಷ್ಟಕ್ಕೆ ಬರುತ್ತೋ ದೇವರೇ ಬಲ್ಲ. ಇಷ್ಟೆಲ್ಲ ಇದ್ದೂ ಹಳ್ಳಿಯ ಮನೆ ಬಾಡಿಗೆಗೆ ಜಾಗ ಇರಲಿಲ್ಲ! ಹೊಸನಗರದ ಕಡೆ ವರ್ಗವಾಗಿ ಬಂದ ಮೇಷ್ಟ್ರು ಮಳೆಗಾಲವಿಡೀ ಮರದ ಕೆಳಗೆ ಮಲಗಿದರು ಅಂತಲೇ ಲೆಕ್ಕ. 2026ರ ಫೆಬ್ರವರಿಯಲ್ಲಿ 2024 ಆಧಾರ ವರ್ಷದ ಹೊಸ ಸರಣಿ ಬಂತು. ಕ್ಯಾಸೆಟ್ ಹೊರಗೆ ಹೋಯಿತು, ಮೇಷ್ಟ್ರು ಒಳಗೆ ಬಂದರು. ಪಾಪ, ಅಷ್ಟು ಹೊತ್ತಿಗೆ ಅವರು ರಿಟೈರ್ಡೂ ಆಗಿರಬಹುದು.

ಇನ್ನು ಅಡಿಕೆ. ಹಳೆ ಸೂಚ್ಯಂಕದಲ್ಲಿ ಅದು ತಂಬಾಕು, ಮದ್ಯದ ಪಂಕ್ತಿಯಲ್ಲಿ ಕೂತಿತ್ತು. ರೇಟು ಏರಿದರೆ ಅಲ್ಲಿ ಹಣದುಬ್ಬರ, ಕೆಟ್ಟ ಸುದ್ದಿ. ಇಲ್ಲಿ ಅದೇ ದಿನ ಸೊಸೈಟಿ ಸಾಲ ತೀರುತ್ತದೆ, ಮಗಳ ಮದುವೆಗೆ ಛತ್ರ ಬುಕ್ ಆಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಅಡಿಕೆ ಗೊನೆ ಇಳಿಸುವವರ ಕೂಲಿ ಮಾತ್ರ ಈ ಬುಟ್ಟಿಯಲ್ಲಿ ಇಲ್ಲವೇ ಇಲ್ಲ. ಅವು ಬೆಳೆಗಾರನ ಖರ್ಚು, ಗ್ರಾಹಕನದ್ದಲ್ಲವಂತೆ. ಬೆಳೆಗಾರನ ಆದಾಯ ದೇಶಕ್ಕೆ ತಲೆನೋವು, ಅವನ ಖರ್ಚು ಅವನ ಹಣೆಬರಹ.

ಆ ಸರಾಸರಿ ಕುಟುಂಬದ ಯಜಮಾನರು ಎಲ್ಲಾದರೂ ಸಿಕ್ಕರೆ ಒಂದು ಮಾತು ಕೇಳುವುದಿದೆ: “ಏನ್ ಸ್ವಾಮಿ, ಈ ಸಲ ತೋಟಕ್ಕೆ ಔಷಧಿ ಹೊಡೆಸಿದ್ರಾ?”