ಸ್ಪಷ್ಟನೆ: ಟವರ್ ಹಾಕಿಸಲು ಜಾಗದವರು ಹಣ ಕಟ್ಟಬೇಕಿಲ್ಲ

'ನಿಮ್ಮ ಜಾಗ ಮೊಬೈಲ್ ಟವರ್‌ಗೆ ಆಯ್ಕೆಯಾಗಿದೆ, ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟಿದೆ, ನೋಂದಣಿ ಶುಲ್ಕ ಕಟ್ಟಿದರೆ ಲಕ್ಷಗಟ್ಟಲೆ ಅಡ್ವಾನ್ಸ್' ಎಂಬ ಪತ್ರ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅದು ಸುಳ್ಳು. ಟವರ್‌ಗೆ ಟ್ರಾಯ್ ಎನ್‌ಒಸಿ ಕೊಡುವುದೇ ಇಲ್ಲ, ಶುಲ್ಕವನ್ನೂ ಪಡೆಯುವುದಿಲ್ಲ. ಟ್ರಾಯ್ ಮತ್ತು ದೂರಸಂಪರ್ಕ ಇಲಾಖೆ ಇದನ್ನು ಸಾರ್ವಜನಿಕ ಪ್ರಕಟಣೆಗಳಲ್ಲೇ ತಿಳಿಸಿವೆ.

ಜಾಗವನ್ನು ಯಾರೂ ಅರ್ಜಿ ಅಥವಾ ಲಾಟರಿಯಿಂದ ಆರಿಸುವುದಿಲ್ಲ. ಸಿಗ್ನಲ್ ಎಲ್ಲಿ ಕಡಿಮೆ ಎಂದು ನೋಡಿ ಮೊಬೈಲ್ ಕಂಪನಿಯ ರೇಡಿಯೊ ಎಂಜಿನಿಯರ್ ಅಕ್ಷಾಂಶ, ರೇಖಾಂಶದ ಸುತ್ತ ಒಂದು ವೃತ್ತ ಗುರುತಿಸುತ್ತಾರೆ. ಜಾಗ ಹುಡುಕುವವರು ಆ ವೃತ್ತದೊಳಗೇ ಓಡಾಡುತ್ತಾರೆ. ನಿಮ್ಮ ಹೊಲ ಅದರಾಚೆ ಇದ್ದರೆ ಎಷ್ಟೇ ವಿಶಾಲವಾಗಿದ್ದರೂ ಉಪಯೋಗಕ್ಕೆ ಬಾರದು. ಒಪ್ಪಿಗೆಯಾದ ಮೇಲೆ ಪಹಣಿ ಅಥವಾ ಖಾತೆ, ಋಣಭಾರ ಪತ್ರ ನೋಡುತ್ತಾರೆ. ಜಂಟಿ ಖಾತೆಯಲ್ಲಿ ಒಬ್ಬರ ಸಹಿ ಬಾಕಿ ಇದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ. ತಾರಸಿಯಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಕಂಬ, ತೊಲೆ ಪರೀಕ್ಷಿಸಬೇಕು. ಹಲವು ವರ್ಷದ ಗುತ್ತಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಬಾಡಿಗೆಯನ್ನು ಕಂಪನಿ ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತದೆ. ಇಷ್ಟರಲ್ಲಿ ಎಲ್ಲಿಯೂ ನೀವು ಕಂಪನಿಗೆ ಮುಂಗಡ ಕಟ್ಟುವ ಹಂತವಿಲ್ಲ.

ಕರೆ ಮಾಡಿದ ಕಂಪನಿ ನಿಜವೇ ಎಂದು ದೂರಸಂಪರ್ಕ ಇಲಾಖೆಯ ಜಾಲತಾಣದಲ್ಲಿರುವ ಪಟ್ಟಿಯಲ್ಲಿ ನೋಡಿ. ಆದರೆ ವಂಚಕರು ನಿಜ ಕಂಪನಿಯ ಹೆಸರನ್ನೇ ಬಳಸುವುದುಂಟು, ಹಾಗಾಗಿ ಆ ಕಂಪನಿಯ ಸ್ಥಳೀಯ ಕಚೇರಿಯಲ್ಲೂ ವಿಚಾರಿಸಿ. ಈಗಾಗಲೇ ಹಣ ಕಳುಹಿಸಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ ಪತ್ರ ನಿಮ್ಮ ಗುಂಪಿಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳುಹಿಸಬೇಡಿ.