ರಜೆಗೆ ಬಂದ ಕ್ಯಾಮೆರಾ

ದೋಸೆಗೆ ಆಯುಸ್ಸು ಕಡಿಮೆ. ಕಾವಲಿಯಿಂದ ಎದ್ದು ತಟ್ಟೆಗೆ ಬಿದ್ದ ಮೇಲೆ ಎರಡು ನಿಮಿಷ ಬದುಕಿದರೆ ಹೆಚ್ಚು. ಮೊನ್ನೆ ಬೆಳಿಗ್ಗೆ ನಾನು ಮೊದಲ ತುಂಡು ಮುರಿಯಲು ಕೈ ಹಾಕಿದ್ದೆ. ಅಷ್ಟರಲ್ಲಿ "ಅಪ್ಪ, ಕೈ ಹಾಗೇ ಇರಲಿ, ಅಲ್ಲಾಡಬೇಡ, ಹಬೆ ಬರುತ್ತಿದೆ" ಎಂಬ ಕೂಗು ಕೇಳಿಸಿತು. ಹಬೆ ಬರುತ್ತಿದೆ ಎಂದೇ ನಾನು ಅವಸರ ಮಾಡುತ್ತಿದ್ದದ್ದು. ಹಬೆ ಚಿತ್ರದಲ್ಲಿ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬೀಳಬೇಕಂತೆ, ಅದರ ಬೆನ್ನಿಗಿರುವ ಗೋಡೆ ಕತ್ತಲಾಗಿರಬೇಕಂತೆ. ಹಾಗಾಗಿ ಅಡುಗೆಮನೆಯ ಟ್ಯೂಬ್‌ಲೈಟು ಆರಿತು, ಮುಂಬಾಗಿಲು ಮುಚ್ಚಿತು, ನನ್ನ ಕುರ್ಚಿ ಕಿಟಕಿಯ ಕಡೆಗೆ ಅರ್ಧ ತಿರುಗಿತು. ನನ್ನ ಹೆಂಡತಿ ಕತ್ತಲಲ್ಲೇ ಅಂದಾಜಿನ ಮೇಲೆ ಮುಂದಿನ ದೋಸೆ ಹುಯ್ದಳು. ಎಲ್ಲವೂ ಸಿದ್ಧವಾಗುವ ಹೊತ್ತಿಗೆ ಹಬೆ ಹೋಗಿತ್ತು. "ಪರವಾಗಿಲ್ಲ, ಇನ್ನೊಂದು ಬರಲಿ" ಎಂದಳು ಮಗಳು. ಅಲ್ಲಿಯವರೆಗೆ ಆರಿದ್ದನ್ನಾದರೂ ತಿನ್ನೋಣವೆಂದರೆ ಅದಕ್ಕೂ ಇಲ್ಲ, ಅದು ಫ್ರೇಮಿನಲ್ಲಿದೆ.

ಮಗಳು ದೂರದ ಊರಿನ ಕಾಲೇಜೊಂದರಲ್ಲಿ ಛಾಯಾಗ್ರಹಣ ಓದುತ್ತಾಳೆ. ದಸರಾ ರಜೆಗೆ ಮೈಸೂರಿಗೆ ಬಂದಿದ್ದಾಳೆ. ರಜೆಗೆ ಬಂದ ಮಕ್ಕಳು ಮಲಗುತ್ತಾರೆ, ತಿನ್ನುತ್ತಾರೆ, ಮೊಬೈಲ್ ನೋಡುತ್ತಾರೆ, ಮತ್ತೆ ಮಲಗುತ್ತಾರೆ ಎಂದು ಬೇರೆ ತಂದೆತಾಯಿಗಳು ಗೊಣಗುವುದನ್ನು ಕೇಳಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಇವಳು ಸೂರ್ಯನಿಗಿಂತ ಮೊದಲು ಏಳುತ್ತಾಳೆ, ಏಕೆಂದರೆ ಬೆಳಗಿನ ಬೆಳಕು ಒಂದು ಗಂಟೆ ಮಾತ್ರ ಚೆನ್ನಾಗಿರುತ್ತದೆ. ಮಧ್ಯಾಹ್ನವೆಲ್ಲ ಬೆಳಕು ಸರಿಯಿಲ್ಲವೆಂದು ಮುಖ ಊದಿಸಿಕೊಂಡಿರುತ್ತಾಳೆ. ಸಂಜೆ ಜೀವ ಬರುತ್ತದೆ. ಅರಮನೆಯ ದೀಪಾಲಂಕಾರದ ಮೇಲೂ ಅವಳದೊಂದು ದೂರಿದೆ: ಅಕ್ಟೋಬರಿನಲ್ಲಿ ಸೂರ್ಯ ಆರು ಗಂಟೆ ದಾಟಿದ ಕೂಡಲೇ ಮುಳುಗುತ್ತಾನೆ, ಇವರು ಏಳಕ್ಕೆ ದೀಪ ಹಾಕಿದರೆ ಆಕಾಶದ ನೀಲಿ ಎಲ್ಲಿ ಉಳಿಯಬೇಕು? ಸುಮಾರು 97 ಸಾವಿರ ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡಾಗ ಊರೆಲ್ಲ ಬಾಯಿ ತೆರೆದು ನೋಡುತ್ತದೆ. ಇವಳು ಗಡಿಯಾರ ನೋಡುತ್ತಾಳೆ. ಈ ಸಹವಾಸದಲ್ಲಿ ಬೆಳಕಿನ ಬಗ್ಗೆ ನನಗೊಂದು ಗಹನವಾದ ವಿಚಾರ ಹೊಳೆದಿದೆ. ಅದನ್ನು ಹೇಳಲೆಂದೇ ಬರೆಯಲು ಕೂತದ್ದು. ಆದರೆ ಮೊದಲು ಪಂಚೆಯ ವಿಷಯ ಇತ್ಯರ್ಥವಾಗಬೇಕು.

ಪಂಚೆ ಕಾಣೆಯಾಗಿತ್ತು. ಹುಡುಕಿದರೆ ಅದು ನಡುಮನೆಯ ಕಿಟಕಿಯಲ್ಲಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಬಿಸಿಲನ್ನು ಮೆತ್ತಗೆ ಮಾಡಲು ಅದಕ್ಕಿಂತ ಒಳ್ಳೆಯ ಬಟ್ಟೆ ಸಿಗುವುದಿಲ್ಲವಂತೆ. ಒಗೆದು ಒಗೆದು ತೆಳುವಾಗಿರುವುದೇ ಅದರ ಗುಣವಂತೆ. ಅಂಚು ಮಾತ್ರ ನೆರಳಿನಲ್ಲಿ ಗೆರೆಯಾಗಿ ಬೀಳುತ್ತದೆ, ಅಂಚಿಲ್ಲದ ಪಂಚೆ ಇದೆಯೇ ಎಂದು ಕೇಳಿದಳು. ಗೊಂಬೆಗಳ ಹಿಂದೆ ನಿಲ್ಲಿಸಲೆಂದು ನನ್ನ ಹೆಂಡತಿ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದ, ಫ್ರಿಜ್ಜಿನ ಜೊತೆ ಬಂದ ಥರ್ಮೊಕೋಲು ಹಲಗೆ ಬೆಳಕನ್ನು ಮರಳಿಸುವ ಕೆಲಸಕ್ಕೆ ಹೋಯಿತು. ಅದನ್ನು ಹಿಡಿದು ನಿಲ್ಲುವ ಕೆಲಸ ನನಗೆ ಬಂತು. "ಸ್ವಲ್ಪ ಓರೆ ಮಾಡು. ಅಷ್ಟು ಬೇಡ. ಹಾಂ, ಹಾಗೇ ಇರು." ಇಷ್ಟೆಲ್ಲ ಏರ್ಪಾಡು ಯಾರ ಮುಖಕ್ಕೆ ಬೆಳಕು ಬೀಳಿಸಲು ಎಂದುಕೊಂಡಿರಿ? ಪಟ್ಟದ ಗೊಂಬೆಗಳಿಗೆ? ಅಂಗಡಿ ಇಟ್ಟುಕೊಂಡು ಕೂತ ಶೆಟ್ಟಿ ಶೆಟ್ಟಮ್ಮರಿಗೆ? ಅಲ್ಲ. ಆ ಗೊಂಬೆಗಳನ್ನು ಸುತ್ತಿಟ್ಟಿದ್ದ ಹಳೆಯ ದಿನಪತ್ರಿಕೆಗಳ ಮುದ್ದೆಗೆ.

ನನ್ನ ನಿಜವಾದ ತಕರಾರು ಇದೇ. ರಜೆಯಲ್ಲೂ ಮಕ್ಕಳಿಗೆ ಕೆಲಸ ಹಚ್ಚಿ ಕಳಿಸುವ ಪುಣ್ಯಾತ್ಮ ಮೇಷ್ಟರೊಬ್ಬರು 'ಮನೆ' ಎಂಬ ವಿಷಯದ ಮೇಲೆ ಹತ್ತು ಕಪ್ಪುಬಿಳುಪು ಚಿತ್ರ ತರಲು ಹೇಳಿದ್ದಾರೆ. ಮನೆ ಎಂದರೆ ಇವಳಿಗೆ ಕಾಣುವುದು ಬಚ್ಚಲ ಗೋಡೆಯ ಪಾಚಿ, ಮುರಿದ ಸ್ವಿಚ್ಚು, ಅರ್ಧ ಕುಡಿದಿಟ್ಟ ಲೋಟ. ಗೊಂಬೆ ನೋಡಲು ಬಂದ ನನ್ನ ತಂಗಿ, ಮೈಸೂರು ಸಿಲ್ಕ್ ಸೀರೆಯ ನೆರಿಗೆ ಸರಿಮಾಡಿಕೊಂಡು, ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿಕೊಂಡು "ಒಂದು ತೆಗಿಯೇ" ಎಂದರೆ "ಆಮೇಲೆ ಅತ್ತೆ" ಎಂಬ ಉತ್ತರ. ಆ ಆಮೇಲೆಯಲ್ಲಿ ಅವಳು ತೆಗೆದದ್ದು, ಗೊಂಬೆ ನೋಡಲು ಬಂದ ಹುಡುಗರಿಗೆ ಚರ್ಪು ಹಂಚಿ ಖಾಲಿಯಾದ ಸ್ಟೀಲಿನ ಡಬ್ಬಿಯನ್ನು. ತಳದಲ್ಲಿ ನಾಲ್ಕು ಕಡಲೆಕಾಳು ಇದ್ದವು. ಅವುಗಳ ನೆರಳು ಅದ್ಭುತವಾಗಿತ್ತಂತೆ.

ನಾನು ಚಿಕ್ಕವನಿದ್ದಾಗ ಮನೆಗೆಲ್ಲ ಇದ್ದದ್ದು ಚಿಕ್ಕಪ್ಪನ ಒಂದು ಆಗ್ಫಾ ಕ್ಲಿಕ್ ತ್ರೀ. ರೀಲಿಗೆ ಹನ್ನೆರಡೇ ಚಿತ್ರ. ಆ ಹನ್ನೆರಡರಲ್ಲಿ ದಸರೆಯ ಗೊಂಬೆ, ದೀಪಾವಳಿಗೆ ಬಂದ ಅಳಿಯ, ಸಂಕ್ರಾಂತಿಯ ಹಸು ಎಲ್ಲ ಮುಗಿಯಬೇಕು. ಸೂರ್ಯ ತನ್ನ ಬೆನ್ನಿಗಿರಬೇಕು ಎನ್ನುವುದೊಂದೇ ಚಿಕ್ಕಪ್ಪನಿಗೆ ತಿಳಿದಿದ್ದ ಶಾಸ್ತ್ರ. ಹಾಗಾಗಿ ನಮ್ಮ ವಂಶದ ಎರಡು ತಲೆಮಾರು ಕಣ್ಣು ಕಿರಿದು ಮಾಡಿಕೊಂಡೇ ಆಲ್ಬಮ್ ಸೇರಿದೆ. ಆದರೆ ಯಾರು ಯಾರೆಂದು ಗೊತ್ತಾಗುತ್ತದೆ. ಇದನ್ನು ಹೇಳಿದರೆ ಮಗಳು ಟಿ.ಎಸ್. ಸತ್ಯನ್ ಅವರನ್ನು ಎದುರಿಗೆ ತಂದು ನಿಲ್ಲಿಸುತ್ತಾಳೆ. 1923ರಲ್ಲಿ ನಮ್ಮ ಮೈಸೂರಿನಲ್ಲೇ ಹುಟ್ಟಿದವರು. 'ಲೈಫ್' ಪತ್ರಿಕೆಗೆ ಚಿತ್ರ ತೆಗೆದವರು. 1979ರಲ್ಲಿ, ಮಕ್ಕಳ ವರ್ಷದ ಹೊತ್ತಿಗೆ, ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. "ಅವರೂ ಸಾಮಾನ್ಯ ದಿನದ ಸಾಮಾನ್ಯ ಸಂಗತಿಗಳನ್ನೇ ತೆಗೆದದ್ದಲ್ಲವೇ ಅಪ್ಪ?" ತೆಗೆದರು, ಒಪ್ಪಿದೆ. ಆದರೆ ಅವರ ಚಿತ್ರಗಳಲ್ಲಿ ಜನ ಇದ್ದಾರೆ. ಇವಳ ಚಿತ್ರಗಳಲ್ಲಿ ಜನ ಎದ್ದುಹೋದ ಕುರ್ಚಿ ಇರುತ್ತದೆ.

ಆಯುಧಪೂಜೆಯ ದಿನ ವಿಷಯ ಕೈಮೀರಿತು. ಅನ್ನ ಕೊಡುವ, ಅಥವಾ ಮುಂದೆಂದಾದರೂ ಕೊಡಬಹುದಾದ ಯಾವ ವಸ್ತುವೂ ಅಂದು ಪೂಜೆಯಿಲ್ಲದೆ ಇರಕೂಡದು ಎನ್ನುವುದು ನನ್ನ ಅಮ್ಮನ ನಿಯಮ. ದೇವರ ಮನೆಯ ಮುಂದೆ ಬೆಳಿಗ್ಗೆಯೇ ಸಾಲು ಶುರುವಾಗಿತ್ತು: ಈಳಿಗೆ ಮಣೆ, ಕತ್ತರಿ, ಸುತ್ತಿಗೆ, ಸ್ಪ್ಯಾನರು, ಮಿಕ್ಸಿಯ ಜಾರು, ಬ್ಯಾಂಕಿನಲ್ಲಿ ನಾನು ಸಹಿ ಹಾಕುತ್ತಿದ್ದ ಪೆನ್ನು. ಅಮ್ಮ ಸಾಲಿನ ಮೇಲೆ ಒಮ್ಮೆ ಕಣ್ಣು ಹಾಯಿಸಿ, "ಕ್ಯಾಮೆರಾ ಎಲ್ಲಿ?" ಎಂದಳು.

ಮಗಳ ಮುಖ ಬಿಳಿಚಿಕೊಂಡಿತು. ಆ ಕ್ಯಾಮೆರಾಕ್ಕೆ ಅವಳು ಮಾಡುವಷ್ಟು ಮಡಿಯನ್ನು ನನ್ನ ಅಮ್ಮ ದೇವರಿಗೂ ಮಾಡಿದವಳಲ್ಲ. ಲೆನ್ಸು ಬದಲಿಸುವಾಗ ಫ್ಯಾನು ನಿಲ್ಲಿಸಬೇಕು, ಕ್ಯಾಮೆರಾದ ಬಾಯಿ ಕೆಳಗಿರಬೇಕು, ಹತ್ತಿರದಲ್ಲಿ ಯಾರೂ ಸೀನಬಾರದು. ಒಳಗಿನ ಸೆನ್ಸರಿನ ಮೇಲೆ ಒಂದು ಕಣ ಧೂಳು ಕೂತರೆ ಅಲ್ಲಿಂದಾಚೆಗೆ ತೆಗೆದ ಪ್ರತಿ ಆಕಾಶದಲ್ಲೂ ಅದೇ ಜಾಗದಲ್ಲಿ ಒಂದು ಕಪ್ಪು ಚುಕ್ಕೆ. ಗಾಳಿ ಊದಲು ರಬ್ಬರಿನದೊಂದು ಬುರುಡೆ, ಒರೆಸಲು ಬೇರೆ ಯಾರೂ ಮುಟ್ಟಬಾರದ ಒಂದು ಬಟ್ಟೆ. ಇಂಥದ್ದರ ಮೇಲೆ ಈಗ ಅರಿಶಿನ, ಕುಂಕುಮ, ಅಕ್ಷತೆ, ಚೆಂಡುಹೂವಿನ ಎಸಳು, ಕರ್ಪೂರದ ಮಸಿ ಬೀಳಬೇಕು.

"ಅಜ್ಜಿ, ಕುಂಕುಮ ಒಳಗೆ ಹೋದರೆ ಹಾಳಾಗುತ್ತದೆ."

"ಪೂಜೆ ಮಾಡಿದರೆ ಹಾಳಾಗುವ ವಸ್ತುವನ್ನು ಯಾಕೆ ಕೊಂಡುಕೊಂಡೆ?"

ಇದಕ್ಕೆ ಯಾವ ಕಾಲೇಜಿನಲ್ಲೂ ಉತ್ತರ ಹೇಳಿಕೊಡುವುದಿಲ್ಲ. ಸಂಧಾನ ಆರಂಭವಾಯಿತು. ಮಗಳು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದಳು. ಪ್ಲಾಸ್ಟಿಕ್ಕಿಗೆ ಕುಂಕುಮ ಹಚ್ಚುವುದಿಲ್ಲವೆಂದು ಅಮ್ಮ ಕೈ ಹಿಂದೆ ತೆಗೆದಳು. ಕ್ಯಾಮೆರಾದ ಖಾಲಿ ಬ್ಯಾಗನ್ನು ಮಾತ್ರ ಇಡುತ್ತೇನೆ ಎಂದಳು. "ಊಟಕ್ಕೆ ಕರೆದರೆ ಅಂಗಿ ಕಳಿಸಿದ ಹಾಗಾಯಿತು" ಎಂದಳು ಅಮ್ಮ. ಕೊನೆಗೆ ಟ್ರೈಪಾಡನ್ನು ಮುಂದೆ ಮಾಡಿದಳು. ಅಮ್ಮ ಅದನ್ನು ಮೇಲೆ ಕೆಳಗೆ ನೋಡಿ, ಬರಲಿ, ಇದೂ ಇರಲಿ ಎಂದು ಸಾಲಿಗೆ ಸೇರಿಸಿಕೊಂಡಳೇ ಹೊರತು ಬದಲಿಗೆ ಒಪ್ಪಲಿಲ್ಲ. ಸ್ಕೂಟರಿಗೆ ತಂದ ನಿಂಬೆಹಣ್ಣು ಮಿಕ್ಕಿದ್ದವು; ನನ್ನ ಹೆಂಡತಿ ಟ್ರೈಪಾಡಿನ ಒಂದೊಂದು ಕಾಲಿನ ಕೆಳಗೂ ಒಂದೊಂದು ಇಟ್ಟಳು. ಅದು ಎಲ್ಲಿಗೆ ಹೊರಟಿದೆಯೆಂದು ನಾನು ಕೇಳಲಿಲ್ಲ.

ಲೆನ್ಸಿನ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಮಾತ್ರ ಕುಂಕುಮ ಇಡುವುದೆಂದು ಕಡೆಗೆ ತೀರ್ಮಾನವಾಯಿತು. ಕಣ್ಣು ಮುಚ್ಚಿಸಿ ಪೂಜೆ ಮಾಡಿಸಿಕೊಳ್ಳುವ ಆಯುಧ ಇದೊಂದೇ ಎಂದು ಅಮ್ಮ ಗೊಣಗಿದಳು. ಆದರೆ ಆಮೇಲೆ ಅವಳು ಮಾಡಿದ್ದನ್ನು ನೋಡಬೇಕಿತ್ತು. ಕುಂಕುಮಕ್ಕೆ ಎರಡು ಹನಿ ನೀರು ಬಿಟ್ಟು ಅಂಗೈಯಲ್ಲೇ ಕಲಸಿದಳು. ಕಾಫಿ ಲೋಟ ಹಿಡಿದರೂ ನಡುಗುವ ಕೈ ಅದು. ಉಂಗುರ ಬೆರಳಿನ ತುದಿಗೆ ಅಷ್ಟನ್ನು ಒತ್ತಿಕೊಂಡು, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು, ಮುಚ್ಚಳದ ಮೇಲೆ ಅಚ್ಚೊತ್ತಿದ ಕಂಪನಿಯ ಹೆಸರಿನ ನಟ್ಟ ನಡುವಿನ ಅಕ್ಷರದ ಮೇಲೆ ಒಂದು ಬೊಟ್ಟು ಇಟ್ಟಳು. ಒಂದು ಕಣವೂ ಆಚೆ ಉದುರಲಿಲ್ಲ. ಮಗಳು ಅಷ್ಟು ಹೊತ್ತೂ ಉಸಿರು ಹಿಡಿದುಕೊಂಡಿದ್ದಳು. ಅವಳು ಹೀಗೆ ಒಂದೇ ಒಂದು ಸಲ ಕೂಡ ನನಗೆ ಫೋಕಸ್ ಮಾಡಿಲ್ಲ.

ಅಷ್ಟಕ್ಕೆ ಮುಗಿಯಲಿಲ್ಲ. ಪೂಜೆಗೆ ಇಟ್ಟದ್ದನ್ನು ಮರುದಿನ ವಿಜಯದಶಮಿಯ ಮಂಗಳಾರತಿ ಆಗುವವರೆಗೆ ಮುಟ್ಟುವಂತಿಲ್ಲ. ನಾವು ಚಿಕ್ಕವರಿದ್ದಾಗ ಇದೇ ನಿಯಮದ ಬಲದಿಂದ ಗಣಿತದ ಪುಸ್ತಕವನ್ನು ಸರಸ್ವತಿಯ ಮುಂದೆ ಎಲ್ಲಕ್ಕಿಂತ ಮೊದಲು ಇಡುತ್ತಿದ್ದೆವು, ಎಲ್ಲಕ್ಕಿಂತ ಕೊನೆಗೆ ತೆಗೆಯುತ್ತಿದ್ದೆವು. ಮಗಳಿಗೆ ಆ ಸುಖ ಇನ್ನೂ ಗೊತ್ತಿರಲಿಲ್ಲ. ಮಧ್ಯಾಹ್ನ ಒಂದು ಮಳೆ ಬಿದ್ದು ನಿಂತು, ಬೀದಿಯಲ್ಲಿ ಒಡೆದ ಬೂದುಗುಂಬಳಗಳ ಕೆಂಪು ನೀರು ಹರಿದು, ಮೋಡದ ಸಂದಿಯಿಂದ ಅವಳು ವಾರವಿಡೀ ಕಾದ ಬೆಳಕು ಬಂತು. ಅವಳು ಕಿಟಕಿಯ ಸರಳು ಹಿಡಿದು ನಿಂತು ಅಜ್ಜಿಯನ್ನು ಶಪಿಸುತ್ತಿದ್ದಳು.

ಅಷ್ಟರಲ್ಲಿ ಎದುರು ಮನೆಯವರು ಬಂದರು. ಬರುವಾಗ ಬೀಗರನ್ನೂ ಕರೆತಂದಿದ್ದರು. ಎಲ್ಲರೂ ಸೇರಿ ಒಂದು ಗುಂಪು ಚಿತ್ರ ಬೇಕು, ಹೊಸ ಕಾರಿನ ಮುಂದೆ ಒಂದು ಬೇಕು, ಎರಡನೆಯ ಮಗಳಿಗೆ ಗಂಡು ನೋಡುತ್ತಿರುವುದರಿಂದ ಅವಳ ನಿಂತ ಭಂಗಿಯದು ಒಂದು, ಕೂತದ್ದು ಒಂದು, ಮುಖ ಸ್ವಲ್ಪ ಬೆಳ್ಳಗೆ ಬರುವ ಹಾಗೆ. ಮದುವೆ ಮನೆಯಲ್ಲಿ ಇಷ್ಟಕ್ಕೇ ಸಾವಿರಾರು ರೂಪಾಯಿ ಕೊಡುವ ಜನ ಕಲಿಯುವ ಹುಡುಗಿಯ ಹತ್ತಿರ ಅದನ್ನೇ ಉಪ್ಪಿಟ್ಟಿನಷ್ಟು ಸಲೀಸಾಗಿ ಕೇಳುತ್ತಾರೆ. ಮಗಳು ಕೈ ಮುಗಿದು, "ಕ್ಯಾಮೆರಾ ಪೂಜೆಗೆ ಇಟ್ಟಿದೆ ಆಂಟಿ. ಮುಟ್ಟುವ ಹಾಗಿಲ್ಲ. ನಮ್ಮ ಮನೆಯಲ್ಲಿ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು" ಎಂದಳು. ಆ ದನಿಯಲ್ಲಿದ್ದ ಭಕ್ತಿಯನ್ನು ಕೇಳಿ ಅಮ್ಮನ ಕಣ್ಣು ತುಂಬಿತು. ಅವರು ಹೋದ ಮೇಲೆ, ಕ್ಯಾಮೆರಾವನ್ನು ಇನ್ನೂ ಎರಡು ದಿನ ದೇವರ ಮುಂದೆ ಬಿಟ್ಟರೆ ದೋಷವೇನಾದರೂ ಇದೆಯೇ ಎಂದು ಅಜ್ಜಿಯನ್ನು ವಿಚಾರಿಸುತ್ತಿದ್ದಳು. ಸಾಲ ಕೇಳಲು ಬಂದವರ ಮುಖ ನೋಡಿಯೇ ಸಂಬಳ ಪಡೆದವನು ನಾನು. ನನಗೆ ಎಲ್ಲವೂ ತಿಳಿಯಿತು. ಹೇಳಲಿಲ್ಲ.

ಎರಡು ದಿನ ಬಿಡಲು ಸಾಧ್ಯವಾಗಲಿಲ್ಲ, ಮರುದಿನ ಜಂಬೂಸವಾರಿ ಇತ್ತು. ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆಯಿಂದ ಜಾಗ ಹಿಡಿದು ಕೂತೆವು. ಆನೆ ಬಂದ ಕೂಡಲೇ ಮುಂದಿದ್ದ ಸಮಸ್ತ ಜನಸ್ತೋಮ ಮೊಬೈಲ್ ಎತ್ತಿತು. ಸುಮಾರು 750 ಕಿಲೋ ತೂಕದ ಅಂಬಾರಿಯನ್ನು ಹೊತ್ತು ನಡೆಯುವ ಅಭಿಮನ್ಯುವನ್ನು ನಾನು ಮುಂದಿನವರ ಮೊಬೈಲಿನಲ್ಲಿ, ಬೆರಳಿನಷ್ಟು ಗಾತ್ರದಲ್ಲಿ ನೋಡಿದೆ. ಅದನ್ನು ಮನೆಯ ಟಿವಿಯಲ್ಲಿ ಇನ್ನೂ ದೊಡ್ಡದಾಗಿ, ಕಾಲು ಚಾಚಿಕೊಂಡು ನೋಡಬಹುದಿತ್ತು. ಈ ಜನ ತೆಗೆದ ಚಿತ್ರಗಳನ್ನು ಮತ್ತೆ ಯಾರಾದರೂ ನೋಡುತ್ತಾರೆಯೇ ಎಂದು ಕೇಳುವ ಧೈರ್ಯ ಯಾರಿಗಾದರೂ ಇದೆಯೇ? ಮಗಳು ಮಾತ್ರ ಕ್ಯಾಮೆರಾ ಎತ್ತಲೇ ಇಲ್ಲ. ಮೆರವಣಿಗೆ ಬನ್ನಿಮಂಟಪದ ಕಡೆಗೆ ದಾಟಿ, ಜನ ಕರಗಿದ ಮೇಲೆ, ರಸ್ತೆಯ ನಡುವೆ ಮೊಣಕಾಲೂರಿ ಆನೆಯ ಲದ್ದಿಯ ಚಿತ್ರ ತೆಗೆದಳು. ಆಮೇಲೆ ನೀರಿನ ಬಾಟಲಿಗಳ ರಾಶಿ. ಆಮೇಲೆ ಪೊರಕೆ ಹಿಡಿದು ಬಂದ ಪೌರಕಾರ್ಮಿಕರು. ಇವರನ್ನಂತೂ ಹೆಸರು, ಊರು, ಮಕ್ಕಳ ಶಾಲೆ ಎಲ್ಲ ವಿಚಾರಿಸಿ ನಿಧಾನವಾಗಿ ತೆಗೆದಳು. ಅತ್ತೆಗೆ ಸಿಗದ ಸಮಯ ಇಲ್ಲಿ ಸಿಕ್ಕಿತು.

ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ತೈಲಚಿತ್ರಗಳಿವೆ. ಕಲಾವಿದರು ಅವುಗಳನ್ನು ಬರೆದದ್ದು ನಿಜವಾದ ಮೆರವಣಿಗೆಯ ಫೋಟೊಗಳನ್ನು ಎದುರಿಗಿಟ್ಟುಕೊಂಡು. ಆನೆ, ಕುದುರೆ, ಪಡೆ, ಪೇಟ ತೊಟ್ಟವರ ಮುಖ, ಎಲ್ಲವೂ ಸ್ಪಷ್ಟ. ಏಕೆಂದರೆ ಅಂದಿನ ಪುಣ್ಯವಂತ ಛಾಯಾಗ್ರಾಹಕ ಮೆರವಣಿಗೆಗೆ ಹೋಗಿ ಮೆರವಣಿಗೆಯನ್ನೇ ತೆಗೆದ. ಆ ಕೆಲಸ ನನ್ನ ಮಗಳಿಗೆ ಸಿಕ್ಕಿದ್ದರೆ ಇಂದು ಕಲ್ಯಾಣ ಮಂಟಪದಲ್ಲಿ, ಬಣ್ಣದ ಗಾಜಿನ ಸೂರಿನ ಕೆಳಗೆ, 26 ಬಗೆಯ ಲದ್ದಿ ಇರುತ್ತಿತ್ತು. ಇದನ್ನು ಹೇಳಿದಾಗ ಅವಳು ಸಿಟ್ಟಾಗಲಿಲ್ಲ. ಯೋಚನೆ ಮಾಡತೊಡಗಿದಳು. ಅದು ಇನ್ನೂ ಅಪಾಯ.

ಬೆಳಕಿನ ವಿಚಾರ ಹೇಳುತ್ತೇನೆ ಎಂದಿದ್ದೆ. ಅಷ್ಟರಲ್ಲಿ ಅವಳು ಒಂದು ಕಾಗದ ತಂದು ನನ್ನ ಮುಂದಿಟ್ಟಿದ್ದಾಳೆ. 'ಮನೆ' ಸರಣಿಗೆ ಆಯ್ದ ಹತ್ತರಲ್ಲಿ ಒಂದು ಚಿತ್ರದಲ್ಲಿ ನಾನಿದ್ದೇನೆ. ನಾನು ಎಂದರೆ ನನ್ನ ಬೆನ್ನು. ಹಿತ್ತಲಿನಲ್ಲಿ ತುಳಸಿಗೆ ನೀರು ಹಾಕುತ್ತಿರುವಾಗ, ಎಡ ಭುಜದ ಕೆಳಗೆ ಹರಿದ ಬನಿಯನ್ನಿನ ಸಮೇತ, ಹಿಂದಿನಿಂದ ತೆಗೆದದ್ದು. ಮುಖವಿಲ್ಲ. ಅದನ್ನು ಪ್ರದರ್ಶಿಸಲು ನನ್ನ ಒಪ್ಪಿಗೆ ಬೇಕಂತೆ. ಕಾಲೇಜಿನವರು ಕೊಟ್ಟ ಇಂಗ್ಲಿಷ್ ನಮೂನೆ. ಇಲ್ಲಿ, ಇಲ್ಲಿ, ಇಲ್ಲಿ ಸಹಿ ಹಾಕಿ ಎಂದು ಊರಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿಕೊಟ್ಟ ನಾನು ಇದನ್ನು ಮಾತ್ರ ಒಂದು ಸಾಲೂ ಬಿಡದೆ ಓದಿದೆ. ಸದರಿ ಚಿತ್ರವನ್ನು ಇಡೀ ವಿಶ್ವದಲ್ಲಿ, ಈಗಿರುವ ಮತ್ತು ಮುಂದೆ ಕಂಡುಹಿಡಿಯಲಾಗುವ ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ ಬಳಸಲು ನನ್ನ ಅಡ್ಡಿಯಿಲ್ಲ ಎಂದಿದೆ. ಇಡೀ ವಿಶ್ವದಲ್ಲಿ, ಶಾಶ್ವತವಾಗಿ, ನನ್ನ ಹರಿದ ಬನಿಯನ್ನು. ಹೊಸ ಬನಿಯನ್ನು ಹಾಕಿಕೊಳ್ಳುತ್ತೇನೆ, ಈ ಕಡೆ ತಿರುಗಿ ನಿಲ್ಲುತ್ತೇನೆ, ಬೇಕಾದರೆ ತುಳಸಿಗೆ ಇನ್ನೊಂದು ಚೊಂಬು ನೀರು ಹಾಕುತ್ತೇನೆ, ಮತ್ತೊಮ್ಮೆ ತೆಗೆ ಎಂದೆ. ಹೊಸ ಬನಿಯನ್ನಿನಲ್ಲಿ ಏನೂ ಇಲ್ಲ ಅಪ್ಪ ಎನ್ನುತ್ತಾಳೆ. ಸಹಿ ಹಾಕುವುದಿಲ್ಲವೆಂದು ಪೆನ್ನಿನ ಮುಚ್ಚಳ ಹಾಕಿ ಕಾಗದ ತಿರುಗಿಸಿ ನೋಡಿದರೆ, ಸಾಕ್ಷಿಯ ಜಾಗದಲ್ಲಿ ನನ್ನ ಹೆಂಡತಿ ಆಗಲೇ ಸಹಿ ಹಾಕಿದ್ದಾಳೆ.