ಸುಮ್ನೆ ಒಂದು ಲೋಕಲ್

ಭಾನುವಾರ ಬೆಳಿಗ್ಗೆ ಚಹಾ ಕುಡಿದು ಚಪ್ಪಲಿ ಮೆಟ್ಟಿದರೆ ಸಾಕು, ಮನೆಯಲ್ಲಿ ಹೆಂಡತಿಯ ವಿಚಾರಣೆ ಶುರು.

"ಎಲ್ಲಿಗೆ ಹೊರಟ್ರಿ?"

"ಎಲ್ಲಿಗೂ ಇಲ್ಲ. ಸುಮ್ನೆ, ಟ್ರೇನ್‌ಗೆ."

"ವಾರಕ್ಕೆ ಆರು ದಿನ ಅದರಲ್ಲೇ ಜೋತು ಬೀಳ್ತೀರಿ. ಸಾಕಾಗಲಿಲ್ಲೇನು?"

ಸಾಕಾಗಲಿಲ್ಲ. ಆರು ದಿನ ಮುಂಬಯಿ ಹೊರವಲಯದ ಡೊಂಬಿವಲಿಯಿಂದ ವಿಟಿಗೆ, ಅಂದರೆ ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್ನಿಗೆ, ಲೋಕಲ್ ಟ್ರೇನಿನಲ್ಲಿ ಹೋಗುವಾಗ ನನಗೆ ಕಾಣುವುದು ಮುಂದಿನವನ ಬೆನ್ನು, ಮೇಲೆ ನೇತಾಡುವ ಬ್ಯಾಗು. ಮೂವರ ಸೀಟಿನ ತುದಿಯಲ್ಲಿ ಅರ್ಧ ಊರಿ ಕೂರುವ ಚೌಥಿ ಸೀಟ್ ಸಿಕ್ಕರೆ ಅಂದು ಹಬ್ಬ. ವಿಟಿಗೆ ಹೊಸ ಹೆಸರು ಬಂದು ಎಷ್ಟೋ ವರ್ಷವಾಯಿತು, ನನ್ನ ನಾಲಿಗೆ ಮಾತ್ರ ಇನ್ನೂ ಹಳೆ ಪಾಸ್‌ನಲ್ಲೇ ಓಡುತ್ತಿದೆ. ಭಾನುವಾರ ಹಾಗಲ್ಲ. ಹಳಿ ರಿಪೇರಿಯ ಮೆಗಾ ಬ್ಲಾಕ್ ಇದ್ದರೆ ಗಾಡಿ ಕಡಿಮೆ, ನಿಜ. ಆದರೆ ಅವಸರವೇ ಇಲ್ಲದವನಿಗೆ ಯಾವ ಗಾಡಿ ಲೇಟು?

ಈ ಹುಚ್ಚು ಹತ್ತಿದ್ದು ಕಿವಿಯಿಂದ. ಹಳೇ ಡಿಸಿ ಗಾಡಿಗಳು ಹೊರಡುವಾಗ ಭಾರದ ಬಂಡಿಗೆ ಎತ್ತು ಹೂಡಿದಂತೆ ಜಗ್ಗುತ್ತಿದ್ದವು. ಈಗಿನ ಸೀಮೆನ್ಸ್ ರೇಕ್, ಅಂದರೆ ಸೀಮೆನ್ಸ್ ಕಂಪನಿಯ ಯಂತ್ರವಿರುವ ಗಾಡಿ, ಹೊರಟರೆ ಯಾರೋ ಹಾರ್ಮೋನಿಯಂ ಮನೆಗಳನ್ನು ಒಂದೊಂದಾಗಿ ಒತ್ತುತ್ತಾ ಹೋದಂತೆ ದನಿ ಏರುತ್ತದೆ. ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಓಡಿದ್ದು ಇಲ್ಲೇ, ವಿಟಿಯಿಂದ ಕುರ್ಲಾಕ್ಕೆ, ಹಾರ್ಬರ್ ಲೈನಿನಲ್ಲಿ. ಅಂದಿನ 1500 ವೋಲ್ಟ್ ಡಿಸಿ ಕರೆಂಟು ಆ ಲೈನಿನಲ್ಲಿ 2016ರವರೆಗೂ ಇತ್ತು. ಇದನ್ನೆಲ್ಲ ಒಮ್ಮೆ ಆಫೀಸಿನಲ್ಲಿ ಉತ್ಸಾಹದಿಂದ ಹೇಳಿದೆ. ಕಣ್ಣು ಮುಚ್ಚಿಕೊಂಡೇ ರೇಕ್ ಯಾವುದೆಂದು ಹೇಳಬಲ್ಲೆ ಅಂತಲೂ ಸೇರಿಸಿದೆ. ಒಬ್ಬ ಮೆತ್ತಗೆ ಕೇಳಿದ, "ಮನೇಲಿ ಎಲ್ಲ ಆರಾಮ ಅಲ್ವಾ?"

ಎಸಿ ಲೋಕಲ್ ನನಗೆ ಸೇರುವುದಿಲ್ಲ. 2017ರಿಂದ ಓಡುತ್ತಿದೆ, ತಂಪಾಗಿದೆ, ಎಲ್ಲ ಸರಿ. ಬಾಗಿಲು ಮುಚ್ಚಿದ ಮೇಲೆ ಅದು ಓಡಾಡುವ ಬ್ಯಾಂಕು. ನನಗೆ ಕಿಟಕಿಯ ಗಾಳಿ ಬೇಕು. ನಿಂತ ಫ್ಯಾನಿನ ರೆಕ್ಕೆಯನ್ನು ಬಾಚಣಿಗೆಯಿಂದ ತಳ್ಳಿ ತಿರುಗಿಸುವ ಒಬ್ಬ ಪುಣ್ಯಾತ್ಮನೂ ಬೇಕು.

ನನ್ನ ಮೆಚ್ಚಿನ ಜಾಗ ಕೋಪರ್. ಡೊಂಬಿವಲಿಯ ಪಕ್ಕದ ಸ್ಟೇಷನ್, ಪಾಸ್‌ನಲ್ಲೇ ಮುಗಿಯುತ್ತದೆ. ಅದಕ್ಕೆ ಎರಡು ಅಂತಸ್ತು. ಕೆಳಗೆ ಮೇನ್ ಲೈನ್, ಮೇಲೆ ವಸೈ ಕಡೆಯ ಲೈನ್. ಮೇಲಿನ ಪ್ಲಾಟ್‌ಫಾರ್ಮಿನಲ್ಲಿ ಜನ ಕಡಿಮೆ, ಗಾಳಿ ಜಾಸ್ತಿ. ಅಲ್ಲಿ ನಿಂತರೆ ಲೋಕಲ್‌ಗಳ ತಲೆ ಕಾಣುತ್ತದೆ: ತಂತಿಗೆ ಒತ್ತಿಕೊಂಡ ಪ್ಯಾಂಟೋಗ್ರಾಫ್, ಧೂಳು ಕುಳಿತ ಚಾವಣಿ, ಯಾರದೋ ಒಂಟಿ ಚಪ್ಪಲಿ. ದಿನಾ ಅದರ ಹೊಟ್ಟೆಯಲ್ಲಿ ಕೂರುವ ನಾನು ಅದರ ನೆತ್ತಿ ನೋಡಿದ್ದು ನಲವತ್ತು ದಾಟಿದ ಮೇಲೆ.

ರೈಲು 1853ರಲ್ಲಿ ಠಾಣೆ ಊರಿಗೆ ಬಂತು, ಮರುವರ್ಷ ಈ ದಾರಿಯಲ್ಲೇ ಕಲ್ಯಾಣ ಮುಟ್ಟಿತು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅದೇ ದಾರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹಾದುಹೋಗುತ್ತದೆ. ಸಂಜೆ ಅದು ನಮ್ಮ ಕಲಬುರಗಿಯಲ್ಲಿರುತ್ತದೆ. ನಾನು ಡಬ್ಬಿ ಎಣಿಸುತ್ತೇನೆ. ಯಾಕೆ ಅಂತ ಕೇಳಬೇಡಿ.

ಕೆಲವು ಸಲ ಅಲ್ಲಿಂದಲೇ ವಸೈ ಕಡೆಯ ಮೆಮು ಅನ್ನುವ ವಿದ್ಯುತ್ ಪ್ಯಾಸೆಂಜರ್ ಗಾಡಿ ಹತ್ತುತ್ತೇನೆ. ದಿನಕ್ಕೆ ಕೆಲವೇ ಗಾಡಿ, ಮಾಲ್‌ಗಾಡಿಗಳದೇ ದರ್ಬಾರು. ಉಲ್ಹಾಸ್ ನದಿ ದಾಟಿ ಭಿವಂಡಿ ರೋಡ್, ಖರ್ಬಾವ್, ಕಾಮಣ ರೋಡ್, ಜೂಚಂದ್ರ. ಮುಂಬಯಿ ಇಷ್ಟು ಹತ್ತಿರ ಇದೆ ಅಂತ ನಂಬಿಕೆಯೇ ಬರದಷ್ಟು ಹಸಿರು. ಒಮ್ಮೆ ವಸೈಯಿಂದ ಸುಕೇಳಿ, ಅಂದರೆ ಬಿಸಿಲಲ್ಲಿ ಒಣಗಿಸಿದ ಬಾಳೆಹಣ್ಣು ತಂದೆ. ಅಲ್ಲಿಗೆ ಎಡವಟ್ಟಾಯಿತು. ಮುಂದಿನ ಭಾನುವಾರ ವಿಚಾರಣೆ ಇಲ್ಲ, ಕೈಗೆ ಚೀಲ ಬಂತು. "ಹೇಗೂ ಹೋಗ್ತೀರಲ್ಲ, ತರಕಾರೀನೂ ತನ್ನಿ." ಹವ್ಯಾಸ ಸಂತೆಯಾಯಿತು.

ನಾನು ತಂದ ಬದನೆಕಾಯಿ ನೋಡಿದ ಮೇಲೆ ಅವಳೇ ಒಂದು ದಿನ ಜೊತೆಗೆ ಹೊರಟಳು. ಕೋಪರ್ ಮೆಟ್ಟಿಲು ಹತ್ತುವಷ್ಟು ಹೊತ್ತೂ ಗೊಣಗಾಟ. ಮೇಲೆ ಬಂದು ಉಸಿರು ಬಿಡುವಷ್ಟರಲ್ಲಿ ಉದ್ಯಾನ್ ಬಂತು. ಕಾಲ ಕೆಳಗೆ ಸೇತುವೆ ನಡುಗಿತು. ಸದ್ದು ಕಲ್ಯಾಣದ ಕಡೆ ಕರಗುವವರೆಗೂ ಇಬ್ಬರೂ ಮಾತಾಡಲಿಲ್ಲ.

"ಇಪ್ಪತ್ತೊಂದು," ಅಂದೆ.

"ಇಪ್ಪತ್ತೆರಡು ರೀ," ಅಂದಳು. "ಇಂಜಿನ್ ಹಿಂದಿನದು ಬಿಟ್ರಿ."